ವಿಕಿರಣಶೀಲ ಎಂದರೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ವಸ್ತು ವಿಕಿರಣಶೀಲ ಎಂದರೆ ಏನರ್ಥ?

ಆ ವಸ್ತುವಿನ ಕೆಲವು ಪರಮಾಣುಗಳ ನ್ಯೂಕ್ಲಿಯಸ್, ಅಂದರೆ ನಡುವಿನ ತಿರುಳು, ಸ್ಥಿರವಾಗಿಲ್ಲ ಎಂದರ್ಥ. ಅಂಥ ನ್ಯೂಕ್ಲಿಯಸ್ ಯಾವುದೋ ಒಂದು ಕ್ಷಣದಲ್ಲಿ, ಯಾರೂ ಮುಟ್ಟದೆ, ತಾನಾಗಿಯೇ ಒಂದು ಕಣವನ್ನೋ ಕಿರಣವನ್ನೋ ಹೊರಗೆಸೆದು ಬೇರೆ ರೂಪಕ್ಕೆ ಇಳಿಯುತ್ತದೆ. ಹೀಗೆ ಹೊರಬಿದ್ದದ್ದು ವಿಕಿರಣ. ಅದನ್ನು ಹೊರಗೆಸೆಯುವ ಗುಣವಿರುವ ವಸ್ತು ವಿಕಿರಣಶೀಲ. 1896ರಲ್ಲಿ ಹೆನ್ರಿ ಬೆಕೆರೆಲ್ ಯುರೇನಿಯಂ ಲವಣಗಳಲ್ಲಿ ಇದನ್ನು ಮೊದಲು ಕಂಡರು. ಈ ಗುಣಕ್ಕೆ ಹೆಸರಿಟ್ಟವರು ಮೇರಿ ಕ್ಯೂರಿ.

ಇದು ರಾಸಾಯನಿಕ ಕ್ರಿಯೆಯಲ್ಲ. ಸುಡುವುದು, ಕರಗುವುದು, ತುಕ್ಕು ಹಿಡಿಯುವುದು ಎಲ್ಲ ಪರಮಾಣುವಿನ ಹೊರಭಾಗದ ಎಲೆಕ್ಟ್ರಾನುಗಳ ವ್ಯವಹಾರ. ನ್ಯೂಕ್ಲಿಯಸ್ಸಿಗೆ ಅದರ ಬಿಸಿ ತಟ್ಟುವುದಿಲ್ಲ. ಹಾಗಾಗಿ ವಿಕಿರಣಶೀಲ ವಸ್ತುವನ್ನು ಕುದಿಸಿದರೂ, ಆಮ್ಲ ಸುರಿದರೂ, ಬೆಂಕಿಗೆ ಹಾಕಿದರೂ ಅದರ ವಿಕಿರಣಶೀಲತೆ ಹೋಗುವುದಿಲ್ಲ. ಸುಟ್ಟರೆ ಇನ್ನೊಂದು ತೊಂದರೆ: ಒಂದು ಕಡೆ ಗಟ್ಟಿಯಾಗಿ ಕೂತಿದ್ದದ್ದು ಹೊಗೆಯಲ್ಲಿ, ಬೂದಿಯಲ್ಲಿ ಹರಡಿಕೊಳ್ಳುತ್ತದೆ.

ವಿಕಿರಣಪಟು, ವಿಕಿರಣಶೀಲ, ಎರಡೂ ಒಂದೇನಾ?

ಒಂದೇ. ಶಾಲೆಯ ಪಠ್ಯಪುಸ್ತಕಗಳಲ್ಲಿ ವಿಕಿರಣಪಟು, ವಿಕಿರಣಪಟುತ್ವ ಎಂದಿರುತ್ತದೆ; ಪತ್ರಿಕೆಗಳಲ್ಲಿ ವಿಕಿರಣಶೀಲ ಹೆಚ್ಚು ಬಳಕೆಯಲ್ಲಿದೆ. ‘ವಿಕಿರಣ’ ಎಂಬ ಪದ ಮಾತ್ರ ತುಂಬ ಅಗಲ. ಬಿಸಿಲು, ಒಲೆಯ ಕಾವು, ಮೊಬೈಲ್ ಟವರಿನ ರೇಡಿಯೋ ತರಂಗ, ಎಕ್ಸ್‌ರೇ, ಎಲ್ಲವೂ ವಿಕಿರಣವೇ. ಟವರಿನಲ್ಲಾಗಲಿ, ಮೈಕ್ರೋವೇವ್ ಒಲೆಯಲ್ಲಾಗಲಿ ವಿಕಿರಣಶೀಲ ವಸ್ತು ಇಲ್ಲ. ಅವುಗಳ ತರಂಗಕ್ಕೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿಯೂ ಇಲ್ಲ. ಎಕ್ಸ್‌ರೇಗೆ ಆ ಶಕ್ತಿ ಇದೆ, ಆದರೆ ಎಕ್ಸ್‌ರೇ ಯಂತ್ರ ವಿಕಿರಣಶೀಲವಲ್ಲ. ಸ್ವಿಚ್ ಆರಿಸಿದ ಕ್ಷಣವೇ ಕಿರಣವೂ ನಿಂತಿತು. ವಿಕಿರಣಶೀಲ ವಸ್ತುವಿಗೆ ಸ್ವಿಚ್ ಇಲ್ಲ. ವ್ಯತ್ಯಾಸ ಇರುವುದು ಇಲ್ಲೇ.

ವಿಕಿರಣ ಬಿದ್ದ ವಸ್ತು, ವಿಕಿರಣ ಬಿದ್ದ ಮನುಷ್ಯ, ತಾನೂ ವಿಕಿರಣಶೀಲ ಆಗುತ್ತಾನೆಯೇ?

ನಮಗೆ ಬರುವ ಪ್ರಶ್ನೆಗಳಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದದ್ದು, ಇದರಲ್ಲಿ ಗೊಂದಲ ಮಾಡಿಕೊಂಡೇ ಎಷ್ಟೋ ಮನೆಗಳಲ್ಲಿ ರೋಗಿಗಳನ್ನು ದೂರ ಇಡುತ್ತಾರೆ. ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳವನ್ನು ನೆನೆಸಿಕೊಳ್ಳಿ. ಬಿಸಿಲು ಬಿದ್ದು ಹಪ್ಪಳ ಒಣಗಿತು. ಒಳಗೆ ತಂದ ಮೇಲೆ ಬಿಸಿಲು ಅದರ ಜೊತೆ ಬರುವುದಿಲ್ಲ. ಆದರೆ ರಸ್ತೆಯ ಧೂಳು ಹಪ್ಪಳದ ಮೇಲೆ ಕೂತಿದ್ದರೆ ಅದು ಒಳಗೂ ಬರುತ್ತದೆ, ಡಬ್ಬಿಗೂ ಇಳಿಯುತ್ತದೆ, ಕೈಗೂ ಅಂಟುತ್ತದೆ. ವಿಕಿರಣ ಬೀಳುವುದು ಬಿಸಿಲಿನಂತೆ. ವಿಕಿರಣಶೀಲ ವಸ್ತು ಅಂಟಿಕೊಳ್ಳುವುದು ಧೂಳಿನಂತೆ. ಮೊದಲನೆಯದಕ್ಕೆ ಒಳಗಾದವರಿಂದ ಬೇರೆಯವರಿಗೆ ಏನೂ ಹರಡುವುದಿಲ್ಲ.

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹೊರಗಿನ ಯಂತ್ರದಿಂದ ರೇಡಿಯೇಶನ್ ಕೊಡುತ್ತಾರಲ್ಲ, ಜನ ‘ಕರೆಂಟ್ ಕೊಡಿಸುವುದು’ ಎನ್ನುವ ಚಿಕಿತ್ಸೆ, ಅದು ಬಿಸಿಲಿನ ಲೆಕ್ಕಕ್ಕೆ ಸೇರಿದ್ದು. ಯಂತ್ರದ ಕೋಣೆಯಿಂದ ಹೊರಬಂದ ತಾಯಿ ಮೊಮ್ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು, ಪಕ್ಕದಲ್ಲಿ ಮಲಗಬಹುದು. ದಯವಿಟ್ಟು ಅವರಿಗೆ ಬೇರೆ ಲೋಟ ಇಡಬೇಡಿ. ಅಮೆರಿಕಕ್ಕೆ ಹೋಗುವ ಮಾವಿನಹಣ್ಣಿಗೆ ಮಾಲೂರಿನಂಥ ಘಟಕಗಳಲ್ಲಿ ಕನಿಷ್ಠ 400 ಗ್ರೇ (ಈ ಅಳತೆಯ ವಿವರ ಮುಂದೆ ಇದೆ) ಗ್ಯಾಮಾ ವಿಕಿರಣ ಕೊಟ್ಟು ಓಟೆಕೊರಕದ ಕಾಟ ತಪ್ಪಿಸುತ್ತಾರೆ. ಆ ಹಣ್ಣೂ ವಿಕಿರಣಶೀಲವಾಗುವುದಿಲ್ಲ.

ಒಂದು ಅಪವಾದ ಉಂಟು: ನ್ಯೂಕ್ಲಿಯಸ್ಸಿನೊಳಗಿನ ಕಣಗಳಲ್ಲಿ ಒಂದಾದ ನ್ಯೂಟ್ರಾನ್. ರಿಯಾಕ್ಟರಿನ ಒಳಗೆ ನ್ಯೂಟ್ರಾನ್ ಹೊಡೆತಕ್ಕೆ ಸಿಕ್ಕ ವಸ್ತು ನಿಜಕ್ಕೂ ವಿಕಿರಣಶೀಲವಾಗುತ್ತದೆ. ಮಾಮೂಲಿ ಕೋಬಾಲ್ಟ್-59 ಅಲ್ಲಿ ಒಂದು ನ್ಯೂಟ್ರಾನ್ ನುಂಗಿ ಕೋಬಾಲ್ಟ್-60 ಆಗುವುದು ಹಾಗೆಯೇ. ಆಸ್ಪತ್ರೆಯ ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗಳಲ್ಲಿ ಈ ಮಾತೇ ಬರುವುದಿಲ್ಲ.

ಕೆಲವು ನ್ಯೂಕ್ಲಿಯಸ್ ಮಾತ್ರ ಯಾಕೆ ಅಸ್ಥಿರ?

ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನುಗಳು ಒಂದನ್ನೊಂದು ದೂಡುತ್ತಿರುತ್ತವೆ. ಹತ್ತಿರದಲ್ಲಷ್ಟೇ ಕೆಲಸ ಮಾಡುವ ಇನ್ನೊಂದು ಬಲ ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ನ್ಯೂಟ್ರಾನುಗಳು ಈ ಹಿಡಿತಕ್ಕೆ ಸಹಾಯ. ಅವು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಕಾರ್ಬನ್-12ರಲ್ಲಿ 6 ಪ್ರೋಟಾನ್, 6 ನ್ಯೂಟ್ರಾನ್, ಅದು ಸ್ಥಿರ. ಕಾರ್ಬನ್-14ರಲ್ಲಿ 8 ನ್ಯೂಟ್ರಾನ್. ಅದು ಒಂದಲ್ಲ ಒಂದು ದಿನ ನೈಟ್ರೋಜನ್ ಆಗುತ್ತದೆ. ರಾಸಾಯನಿಕವಾಗಿ ಎರಡೂ ಕಾರ್ಬನ್ನೇ, ಎರಡೂ ಅಕ್ಕಿಯಲ್ಲಿರುತ್ತವೆ. ಆದ್ದರಿಂದ ‘ಅಯೋಡಿನ್ ವಿಕಿರಣಶೀಲವೇ?’ ಎಂದು ಕೇಳಿದರೆ ಉತ್ತರ ಕೊಡಲಾಗದು. ಉಪ್ಪಿನಲ್ಲಿರುವ ಅಯೋಡಿನ್-127 ಸ್ಥಿರ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131 ವಿಕಿರಣಶೀಲ. ಹೆಸರಿನ ಮುಂದಿನ ಸಂಖ್ಯೆಯನ್ನು ಬಿಟ್ಟು ಈ ವಿಷಯದಲ್ಲಿ ಯಾವ ಮಾತೂ ಪೂರ್ತಿಯಾಗುವುದಿಲ್ಲ. ಬಹಳ ಭಾರದ ನ್ಯೂಕ್ಲಿಯಸ್‌ಗಳಿಗೆ ಎಷ್ಟು ನ್ಯೂಟ್ರಾನ್ ಇದ್ದರೂ ಸಾಲದು: ಸೀಸಕ್ಕಿಂತ ಭಾರವಾದ ಧಾತುಗಳಲ್ಲಿ ಪೂರ್ತಿ ಸ್ಥಿರ ಎನ್ನುವಂಥದ್ದು ಒಂದೂ ಇಲ್ಲ.

ಆಲ್ಫಾ, ಬೀಟಾ, ಗ್ಯಾಮಾ: ಯಾವುದು ಹೆಚ್ಚು ಅಪಾಯ?

ಇವು ನ್ಯೂಕ್ಲಿಯಸ್ಸಿನಿಂದ ಹೊರಬೀಳುವ ವಿಕಿರಣದ ಮೂರು ಬಗೆಗಳು. ವಸ್ತು ದೇಹದ ಹೊರಗಿದೆಯೋ ಒಳಗಿದೆಯೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆಲ್ಫಾ ಕಣ ಗಾಳಿಯಲ್ಲಿ ಕೆಲವು ಸೆಂಟಿಮೀಟರ್ ಹೋಗಿ ನಿಲ್ಲುತ್ತದೆ. ಒಂದು ಹಾಳೆ, ಚರ್ಮದ ಮೇಲಿನ ಸತ್ತ ಪದರ ಸಾಕು ತಡೆಯಲು. ಅದೇ ಆಲ್ಫಾ ಹೊಮ್ಮಿಸುವ ಧೂಳನ್ನು ಉಸಿರಾಡಿದರೆ ಅಡ್ಡ ನಿಲ್ಲಲು ಹಾಳೆಯೂ ಇಲ್ಲ, ಸತ್ತ ಪದರವೂ ಇಲ್ಲ. ಅದರ ಶಕ್ತಿಯೆಲ್ಲ ಶ್ವಾಸಕೋಶದ ಕೆಲವೇ ಜೀವಕೋಶಗಳ ಮೇಲೆ ಸುರಿಯುತ್ತದೆ. ಬೀಟಾ ಕಣವನ್ನು ಕೆಲವು ಮಿಲಿಮೀಟರ್ ಅಲ್ಯುಮಿನಿಯಂ ಅಥವಾ ಸೆಂಟಿಮೀಟರ್ ದಪ್ಪದ ಪ್ಲಾಸ್ಟಿಕ್ ತಡೆಯುತ್ತದೆ. ಅಲ್ಲಿ ನೇರವಾಗಿ ಸೀಸ ಇಡಬಾರದು, ಬೀಟಾ ಸೀಸಕ್ಕೆ ಬಡಿದು ಎಕ್ಸ್‌ರೇ ಹುಟ್ಟುತ್ತದೆ. ಮೊದಲು ಪ್ಲಾಸ್ಟಿಕ್, ಆಮೇಲೆ ಬೇಕಾದರೆ ಸೀಸ. ಗ್ಯಾಮಾ ಗೋಡೆ ದಾಟಿ ಬರುತ್ತದೆ. ಅದನ್ನು ಪೂರ್ತಿ ‘ನಿಲ್ಲಿಸುವುದು’ ಎಂಬುದಿಲ್ಲ, ತಗ್ಗಿಸುವುದಷ್ಟೇ. ಕೋಬಾಲ್ಟ್-60ರ ಗ್ಯಾಮಾ ಅರ್ಧಕ್ಕಿಳಿಯಲು ಸುಮಾರು 12 ಮಿಲಿಮೀಟರ್ ಸೀಸ ಬೇಕು, ಅಥವಾ 6 ಸೆಂಟಿಮೀಟರ್ ಕಾಂಕ್ರೀಟ್. ಇನ್ನೂ ಅಷ್ಟು ದಪ್ಪ ಸೇರಿಸಿದರೆ ಕಾಲು ಭಾಗ.

ಸೀಸಕ್ಕಿಂತ ಸುಲಭವಾದದ್ದು ದೂರ. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಬೀಳುವ ವಿಕಿರಣ ಕಾಲು ಭಾಗ, ಹತ್ತು ಮೀಟರಿಗೆ ಸರಿದರೆ ನೂರರಲ್ಲಿ ಒಂದು ಭಾಗ.

ಅರ್ಧಾಯು ಎಂದರೇನು? ಎರಡು ಅರ್ಧಾಯು ಕಳೆದರೆ ಎಲ್ಲ ಮುಗಿಯಿತೇ?

ಮುಗಿಯುವುದಿಲ್ಲ. ಚೌಕಾಬಾರಕ್ಕೆ ತೇಯ್ದಿಟ್ಟುಕೊಳ್ಳುವ ಹುಣಸೆ ಬೀಜ ಇದ್ದರೆ ಮನೆಯಲ್ಲೇ ಮಾಡಿ ನೋಡಬಹುದು. ಒಂದು ಬದಿ ಬಿಳಿ, ಇನ್ನೊಂದು ಬದಿ ಕಂದು ಇರುವ 100 ಬೀಜ ಎಣಿಸಿ ಮೊರದ ಮೇಲೆ ಎರಚಿ. ಬಿಳಿ ಮೇಲಾಗಿ ಬಿದ್ದವನ್ನೆಲ್ಲ ತೆಗೆದಿಟ್ಟು ಉಳಿದವನ್ನು ಮತ್ತೆ ಎರಚಿ. ಸುಮಾರು 50, ಆಮೇಲೆ 25, 12, 6, 3 ಹೀಗೆ ಇಳಿಯುತ್ತದೆ. ಕರಾರುವಾಕ್ಕಾಗಿ ಅಲ್ಲ, ಸುಮಾರಾಗಿ. ಒಂದು ಎರಚಿಗೆ ತಗಲುವ ಕಾಲವೇ ಅರ್ಧಾಯು. ಎರಡನೇ ಎರಚಿಗೆ ಸೊನ್ನೆ ಆಗಲಿಲ್ಲ, ಕಾಲು ಭಾಗ ಉಳಿಯಿತು. ಹತ್ತು ಸಲ ಆದ ಮೇಲೆ ಸಾವಿರದಲ್ಲಿ ಒಂದು ಭಾಗ ಉಳಿಯುತ್ತದೆ. ನಿಮ್ಮ ಬೀಜಗಳು ಒಂದೇ ಬದಿಗೆ ಹೆಚ್ಚು ಬೀಳುವಂಥವಾದರೆ ಅರ್ಧಾಯು ಬೇರೆ ಬರುತ್ತದೆ, ಆದರೆ ಮೊದಲ ಎರಚಿನಿಂದ ಕೊನೆಯವರೆಗೆ ಅದೇ ಪ್ರಮಾಣ ನಡೆಯುತ್ತದೆ. ಯುರೇನಿಯಂ-238 ಮತ್ತು ಅಯೋಡಿನ್-131ರ ನಡುವಿನ ವ್ಯತ್ಯಾಸವೂ ಅಂಥದ್ದೇ.

ಈ ಆಟದಲ್ಲಿ ಇನ್ನೊಂದನ್ನು ಗಮನಿಸಿ. ಐದು ಸಲ ಕಂದು ಬಿದ್ದು ಉಳಿದ ಬೀಜಕ್ಕೆ ಆರನೇ ಸಲ ಬಿಳಿ ಬೀಳುವ ಅವಸರ ಏನೂ ಇಲ್ಲ. ನ್ಯೂಕ್ಲಿಯಸ್ಸೂ ಹಾಗೆಯೇ, ಅದಕ್ಕೆ ಮುಪ್ಪು ಇಲ್ಲ. ಯಾವುದು ಯಾವಾಗ ಒಡೆಯುತ್ತದೆ ಎಂದು ಹೇಳಲಾಗದು, ಎಷ್ಟು ಪಾಲು ಒಡೆಯುತ್ತದೆ ಎಂದು ಮಾತ್ರ ಖಚಿತವಾಗಿ ಹೇಳಬಹುದು. ಆ ಖಚಿತತೆಯಿಂದಲೇ ಬಂಡೆಗಳ ವಯಸ್ಸು ತಿಳಿಯುವುದು. ಜಿರ್ಕಾನ್ ಎಂಬ ಸಣ್ಣ ಹರಳು ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಸೇರಿಸಿಕೊಳ್ಳುವುದಿಲ್ಲ. ಮುಂದೆ ಅದರಲ್ಲಿ ಸಿಗುವ ಸೀಸವೆಲ್ಲ ಯುರೇನಿಯಂ ಕ್ಷಯಿಸಿ ಬಂದದ್ದು. ಎರಡರ ಪ್ರಮಾಣ ಅಳೆದರೆ ಕಾಲ ಸಿಕ್ಕಿತು. ಲಾಲ್‌ಬಾಗ್ ಬಂಡೆಯ ಜಾತಿಯ ನಮ್ಮ ನೈಸ್ ಶಿಲೆಗಳಿಗೆ ಸುಮಾರು 300 ಕೋಟಿ ವರ್ಷ ಎನ್ನುವುದು ಇಂಥ ಲೆಕ್ಕದಿಂದ.

ಅರ್ಧಾಯು ಉದ್ದ ಇದ್ದಷ್ಟೂ ಅಪಾಯ ಹೆಚ್ಚಲ್ಲವೇ?

ಸಮ ತೂಕಕ್ಕೆ ಸಮ ತೂಕ ಇಟ್ಟರೆ ಉಲ್ಟಾ. ಅರ್ಧಾಯು ಉದ್ದ ಎಂದರೆ ನಿಧಾನವಾಗಿ, ಒಂದೊಂದಾಗಿ ಒಡೆಯುತ್ತಿದೆ ಎಂದು. ಯುರೇನಿಯಂ-238ರ ಅರ್ಧಾಯು 447 ಕೋಟಿ ವರ್ಷ. ಒಂದು ಗ್ರಾಂನಲ್ಲಿ ಸೆಕೆಂಡಿಗೆ ಸುಮಾರು 12,400 ನ್ಯೂಕ್ಲಿಯಸ್ ಒಡೆಯುತ್ತವೆ. ಅಯೋಡಿನ್-131ರ ಅರ್ಧಾಯು 8 ದಿನ. ಒಂದು ಗ್ರಾಂನಲ್ಲಿ ಸೆಕೆಂಡಿಗೆ ಒಡೆಯುವವು 46ರ ಮುಂದೆ 14 ಸೊನ್ನೆ. ಆದರೆ ಮೂರು ತಿಂಗಳಲ್ಲಿ ಆ ಅಯೋಡಿನ್ ಎರಡು ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆಗೆ ಇಳಿದಿರುತ್ತದೆ. ಹೆಚ್ಚು ಕಾಡುವುದು ನಡುವಿನವು. ಸೀಸಿಯಂ-137 ಅಂಥದ್ದು, ಅರ್ಧಾಯು 30 ವರ್ಷ: ಜೋರಾಗಿ ವಿಕಿರಣ ಬಿಡುವಷ್ಟು ಚಿಕ್ಕದು, ಒಂದು ತಲೆಮಾರು ಹೊಲ ಬಿಟ್ಟು ಹೋಗಬೇಕಾಗುವಷ್ಟು ದೊಡ್ಡದು. 1986ರ ಚೆರ್ನೋಬಿಲ್ ಅಪಘಾತದ ಸೀಸಿಯಂ ಅರ್ಧಕ್ಕೆ ಇಳಿದದ್ದು 2016ರ ಹೊತ್ತಿಗೆ.

ಬೆಕೆರೆಲ್, ಗ್ರೇ, ಸೀವರ್ಟ್: ಇಷ್ಟೊಂದು ಅಳತೆ ಯಾಕೆ?

ಬೆಕೆರೆಲ್ ಎಂದರೆ ಸೆಕೆಂಡಿಗೆ ಎಷ್ಟು ನ್ಯೂಕ್ಲಿಯಸ್ ಒಡೆಯುತ್ತಿದೆ ಎಂಬ ಎಣಿಕೆ. ಗ್ರೇ ಎಂದರೆ ದೇಹದ ಒಂದು ಕಿಲೋ ಭಾಗಕ್ಕೆ ಎಷ್ಟು ಶಕ್ತಿ ಇಳಿಯಿತು ಎಂಬುದು. ಸೀವರ್ಟ್ ಎಂದರೆ ಆ ಶಕ್ತಿಯಿಂದ ಆಗಬಹುದಾದ ಹಾನಿಯ ಅಂದಾಜು. ಸುದ್ದಿಯಲ್ಲಿ ಬರುವ ದೊಡ್ಡ ದೊಡ್ಡ ಸಂಖ್ಯೆಗಳು ಹೆಚ್ಚಾಗಿ ಬೆಕೆರೆಲ್‌ನಲ್ಲಿರುತ್ತವೆ, ಓದುವವರು ಹೆದರುವುದು ಅಲ್ಲೇ.

ಗೊಬ್ಬರದ ಅಂಗಡಿಯಲ್ಲಿ 50 ಕಿಲೋ ಪೊಟ್ಯಾಷ್ ಚೀಲ ಇರುತ್ತದಲ್ಲ, ಅದನ್ನೇ ಲೆಕ್ಕ ಹಾಕೋಣ. ಅದರಲ್ಲಿ ಸುಮಾರು 25 ಕಿಲೋ ಪೊಟ್ಯಾಸಿಯಂ. ಪ್ರಕೃತಿಯ ಪೊಟ್ಯಾಸಿಯಂನಲ್ಲಿ ಶೇ 0.0117ರಷ್ಟು ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಬಗೆ ಇರುತ್ತದೆ. ಹಾಗಾಗಿ ಒಂದು ಗ್ರಾಂ ಪೊಟ್ಯಾಸಿಯಂ ಎಂದರೆ 31 ಬೆಕೆರೆಲ್. ಚೀಲಕ್ಕೆ ಸುಮಾರು 7.7 ಲಕ್ಷ ಬೆಕೆರೆಲ್ ಆಯಿತು. ಕೇಳಲು ಭಯಂಕರ. ಆದರೆ ಒಂದು ಮೀಟರ್ ದೂರದಲ್ಲಿ ಅದರಿಂದ ಬೀಳುವ ಡೋಸ್ ಸುತ್ತಲ ನೆಲದಿಂದ, ಆಕಾಶದಿಂದ ಹೇಗೂ ಬೀಳುತ್ತಿರುವುದಕ್ಕಿಂತ ಬಹಳ ಕಡಿಮೆ. ಅದೇ 7.7 ಲಕ್ಷ ಬೆಕೆರೆಲ್‌ನಷ್ಟು ಪೊಲೋನಿಯಂ-210 ಹೊಟ್ಟೆಗೆ ಹೋದರೆ ಡೋಸ್ ಸುಮಾರು 900 ಮಿಲಿಸೀವರ್ಟ್ ಆಗುತ್ತದೆ, ಆ ಪೊಲೋನಿಯಂ ಕಣ್ಣಿಗೂ ಕಾಣದಷ್ಟು. ಎಣಿಕೆ ಒಂದೇ, ಪರಿಣಾಮಕ್ಕೆ ಹೋಲಿಕೆಯೇ ಇಲ್ಲ. ಯಾವುದು, ಎಷ್ಟು, ಒಳಗೋ ಹೊರಗೋ, ಎಷ್ಟು ದೂರದಲ್ಲಿ, ಎಷ್ಟು ಹೊತ್ತು: ಇಷ್ಟೂ ಗೊತ್ತಾಗದೆ ಬರೀ ಬೆಕೆರೆಲ್ ಕೇಳಿ ತೀರ್ಮಾನಕ್ಕೆ ಬರಬೇಡಿ.

ಬಾಳೆಹಣ್ಣೂ ವಿಕಿರಣಶೀಲವಂತೆ, ನಿಜವೇ?

ನಿಜ. ಒಂದು ಸಾಧಾರಣ ಪಚ್ಚಬಾಳೆಯಲ್ಲಿ 400 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ, ಅಂದರೆ ಹತ್ತು ಹದಿಮೂರು ಬೆಕೆರೆಲ್. ಆದರೆ ತಿಂದಷ್ಟೂ ಕೂಡಿಡುವ ಅಭ್ಯಾಸ ದೇಹಕ್ಕಿಲ್ಲ. ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. 70 ಕಿಲೋ ತೂಕದವರ ಮೈಯಲ್ಲಿ ಸದಾ 140 ಗ್ರಾಂ ಪೊಟ್ಯಾಸಿಯಂ ಇರುತ್ತದೆ, ಅದರಿಂದಲೇ 4,000 ಬೆಕೆರೆಲ್‌ಗೂ ಮೇಲೆ. ಕಾರ್ಬನ್-14ರದ್ದು ಇನ್ನೊಂದು 3,000ಕ್ಕೂ ಹೆಚ್ಚು. ಈ ಸಾಲುಗಳನ್ನು ಓದುವಷ್ಟರಲ್ಲಿ ನಿಮ್ಮೊಳಗೆ ಲಕ್ಷಕ್ಕೂ ಹೆಚ್ಚು ನ್ಯೂಕ್ಲಿಯಸ್ ಒಡೆದಿವೆ.

ಎಷ್ಟು ಸೀವರ್ಟ್ ಆದರೆ ತೊಂದರೆ?

ಒಂದು ಸೀವರ್ಟ್ ಬಹಳ ದೊಡ್ಡ ಪ್ರಮಾಣ, ದಿನಬಳಕೆಯಲ್ಲಿ ಸಾವಿರದಲ್ಲೊಂದು ಭಾಗವಾದ ಮಿಲಿಸೀವರ್ಟ್ ಸಾಕು. ಪ್ರಕೃತಿಯಿಂದ ಮನುಷ್ಯನಿಗೆ ವರ್ಷಕ್ಕೆ ಬೀಳುವ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಎದೆಯ ಎಕ್ಸ್‌ರೇ 0.1 ಅಥವಾ ಅದಕ್ಕೂ ಕಡಿಮೆ, ಎದೆಯ ಸಿ.ಟಿ. ಸ್ಕ್ಯಾನ್ 5ರಿಂದ 7. ಎರಡನ್ನೂ ಒಂದೇ ಎಂದುಕೊಂಡು ಸಣ್ಣಪುಟ್ಟದಕ್ಕೆಲ್ಲ ಸಿ.ಟಿ. ಮಾಡಿಸಿಕೊಳ್ಳುವುದು ಸರಿಯಲ್ಲ, ವೈದ್ಯರು ಬೇಕೆಂದಾಗ ಹೆದರಿ ಬೇಡವೆನ್ನುವುದೂ ಸರಿಯಲ್ಲ. ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿರುವ ಮಿತಿ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್. ವಿಕಿರಣದ ಕೆಲಸ ಮಾಡುವವರಿಗೆ ಐದು ವರ್ಷದ ಸರಾಸರಿ 20, ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ಇದು ಪ್ರಕೃತಿಯ ಪಾಲು, ಚಿಕಿತ್ಸೆಯ ಪಾಲು ಬಿಟ್ಟು.

100 ಮಿಲಿಸೀವರ್ಟ್‌ಗಿಂತ ಕೆಳಗೆ ಕ್ಯಾನ್ಸರ್ ಹೆಚ್ಚಳವನ್ನು ಅಂಕಿಅಂಶಗಳಲ್ಲಿ ಸ್ಪಷ್ಟವಾಗಿ ಗುರುತಿಸುವುದು ಬಹಳ ಕಷ್ಟ. ಆದರೂ ಎಚ್ಚರಿಕೆಯಿಂದ ಇರಲೆಂದು ಡೋಸ್ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದೇ ನಿಯಮ ಮಾಡುತ್ತಾರೆ. ಒಂದೇ ಹೊತ್ತಿಗೆ 1,000 ಮಿಲಿಸೀವರ್ಟ್ ಇಡೀ ಮೈಮೇಲೆ ಬಿದ್ದರೆ ವಾಂತಿ ಶುರುವಾಗುತ್ತದೆ, ರಕ್ತಕಣ ಇಳಿಯುತ್ತವೆ. 4,000ದ ಆಸುಪಾಸಿನಲ್ಲಿ ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಜನ ಉಳಿಯುವುದಿಲ್ಲ.

ಬೈಕಿಗೆ ಅಂಟಿಸುವ ‘ರೇಡಿಯಂ’ ಸ್ಟಿಕರ್‌ನಲ್ಲಿ ರೇಡಿಯಂ ಇದೆಯೇ?

ಇಲ್ಲ. ನಂಬರ್ ಪ್ಲೇಟಿನ ಅಂಗಡಿಯವರು ರೇಡಿಯಂ ಎನ್ನುವುದು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪ್ರತಿಫಲಕ ಹಾಳೆ. ಹೆಡ್‌ಲೈಟ್ ಬಿದ್ದಾಗ ಮಾತ್ರ ಹೊಳೆಯುತ್ತದೆ. ಮಕ್ಕಳ ಕೋಣೆಯಲ್ಲಿ ಕತ್ತಲಲ್ಲಿ ಮಿನುಗುವ ನಕ್ಷತ್ರದ ಸ್ಟಿಕರ್ ಕೂಡ ಬೆಳಕನ್ನು ಹೀರಿಟ್ಟುಕೊಂಡು ಬಿಡುವ ಪುಡಿ, ವಿಕಿರಣಶೀಲವಲ್ಲ. ಹೆಸರು ಬಂದದ್ದು ಹಳೆಯ ಕೈಗಡಿಯಾರಗಳಿಂದ. ಅವುಗಳ ಮುಳ್ಳಿಗೆ ನಿಜವಾದ ರೇಡಿಯಂ-226 ಬಳಿಯುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ 1920ರ ಆಸುಪಾಸಿನಲ್ಲಿ ಆ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಬ್ರಷ್ಷನ್ನು ತುಟಿಯಲ್ಲಿಟ್ಟು ಚೂಪು ಮಾಡಿಕೊಳ್ಳುತ್ತಿದ್ದರು. ರೇಡಿಯಂ ಮೂಳೆಗೆ ಸೇರಿ ದವಡೆ ಕೊಳೆತು ಎಷ್ಟೋ ಮಂದಿ ಸತ್ತರು. ಅಜ್ಜನ ಕಾಲದ ಹಳೇ ಗಡಿಯಾರ ಈಗ ಕತ್ತಲಲ್ಲಿ ಹೊಳೆಯದಿದ್ದರೆ ರೇಡಿಯಂ ಮುಗಿದಿದೆ ಎಂದಲ್ಲ. ಅದರ ಅರ್ಧಾಯು 1,600 ವರ್ಷ, ಸವೆದದ್ದು ಹೊಳೆಯುವ ಪುಡಿ. ಗಾಜು ಬಿಚ್ಚದೆ ಪೆಟ್ಟಿಗೆಯಲ್ಲಿಡಿ.

ಗ್ಯಾಸ್‌ಲೈಟಿನ ಮ್ಯಾಂಟಲ್?

ರಾತ್ರಿಯಿಡೀ ಯಕ್ಷಗಾನಕ್ಕೆ ಬೆಳಕು ಕೊಟ್ಟ ಪೆಟ್ರೋಮ್ಯಾಕ್ಸ್‌ನ ಆ ಬಿಳಿ ಜಾಲರಿಯಲ್ಲಿ ವಿಕಿರಣಶೀಲ ಧಾತುವಾದ ಥೋರಿಯಂನ ಆಕ್ಸೈಡ್ ಇರುತ್ತಿತ್ತು. ಈಗ ಹಲವು ತಯಾರಕರು ಯಿಟ್ರಿಯಂ ಬಳಸುತ್ತಾರೆ. ಉರಿಯುವ ದೀಪದ ಹತ್ತಿರ ಕೂರುವುದರಿಂದ ಏನೂ ಇಲ್ಲ. ಜಾಗ್ರತೆ ಬೇಕಾದದ್ದು ಸುಟ್ಟ ಮ್ಯಾಂಟಲ್ ಬದಲಿಸುವಾಗ: ಅದು ಮುಟ್ಟಿದರೆ ಪುಡಿಯಾಗುತ್ತದೆ. ಬಾಯಿಂದ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕವರಿಗೆ ಹಾಕಿ, ಕೈ ತೊಳೆದುಕೊಳ್ಳಿ.

‘ರೈಸ್ ಪುಲ್ಲರ್’ ತಂಬಿಗೆಯಲ್ಲಿ ಇರಿಡಿಯಂ ವಿಕಿರಣ ಇದೆ ಎನ್ನುತ್ತಾರಲ್ಲ?

ಮೋಸ. ಸಿಡಿಲು ಬಡಿದ ಹಳೆಯ ತಾಮ್ರದ ಪಾತ್ರೆಗೆ ಇರಿಡಿಯಂ ಶಕ್ತಿ ಬಂದಿದೆ, ಅಕ್ಕಿ ಸೆಳೆಯುತ್ತದೆ, ವಿಜ್ಞಾನಿಗಳು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆ ಎಂದು ಹೇಳಿ, ಬೆಳ್ಳಿ ಬಣ್ಣದ ಸೂಟ್ ಹಾಕಿಕೊಂಡು ಬಂದು ‘ಟೆಸ್ಟಿಂಗ್’ ಮಾಡಿ ಮುಂಗಡ ಹಣ ಎತ್ತುತ್ತಾರೆ. ಮನೆ ಅಡವಿಟ್ಟು ಕಳೆದುಕೊಂಡವರಿದ್ದಾರೆ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ಪ್ರಕೃತಿಯಲ್ಲಿ ಸಿಗುವ ಇರಿಡಿಯಂ-191, ಇರಿಡಿಯಂ-193 ಎರಡೂ ಸ್ಥಿರ. ಅವುಗಳಿಂದ ವಿಕಿರಣ ಬರುವುದೇ ಇಲ್ಲ. ವಿಕಿರಣಶೀಲವಾದದ್ದು ಇರಿಡಿಯಂ-192, ಅದನ್ನು ರಿಯಾಕ್ಟರಿನಲ್ಲೇ ಮಾಡಬೇಕು, ಅದರ ಅರ್ಧಾಯು 74 ದಿನ. ಎರಡು ವರ್ಷಕ್ಕೆ ಸಾವಿರದಲ್ಲೊಂದು ಭಾಗ. ಇನ್ನೂರು ವರ್ಷ ಹಳೆಯ ತಂಬಿಗೆಯಲ್ಲಿ ಒಂದು ಪರಮಾಣುವೂ ಉಳಿಯುವ ಮಾತಿಲ್ಲ. ಸಿಡಿಲಿಗೆ ತಾಮ್ರವನ್ನು ಇರಿಡಿಯಂ ಮಾಡುವ ಶಕ್ತಿಯೂ ಇಲ್ಲ.

ಆರೋಗ್ಯಕ್ಕೆಂದು ಮಾರುವ ‘ಋಣ ಅಯಾನ್’ ಪೆಂಡೆಂಟ್‌ಗಳು?

ಇಲ್ಲಿ ಮಾತ್ರ ಹೆದರಿಕೆಗೆ ಕಾರಣ ಇದೆ. ಕ್ವಾಂಟಂ, ಸ್ಕೇಲಾರ್, ನೆಗೆಟಿವ್ ಅಯಾನ್ ಎಂಬ ಹೆಸರಿನಲ್ಲಿ ಮಾರುವ ಕೆಲವು ಪದಕ, ಬಳೆಗಳಲ್ಲಿ ಥೋರಿಯಂ ಇರುವ ಖನಿಜದ ಪುಡಿ ಸೇರಿಸುತ್ತಾರೆ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ನಿಯಂತ್ರಣ ಸಂಸ್ಥೆ ಇಂಥ ಹತ್ತು ಉತ್ಪನ್ನಗಳನ್ನು ಧರಿಸಬೇಡಿ ಎಂದು ಎಚ್ಚರಿಸಿತು. ಹಗಲೂ ರಾತ್ರಿ ಒಂದೇ ಜಾಗದ ಚರ್ಮಕ್ಕೆ ಒತ್ತಿಕೊಂಡಿರುವುದೇ ಇದರ ತೊಂದರೆ. ಇದ್ದರೆ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ, ಮಕ್ಕಳಿಗೆ ಕೊಡಬೇಡಿ, ಒಡೆಯಬೇಡಿ.

ನಮ್ಮ ಕೊಳವೆಬಾವಿಯ ನೀರಿನಲ್ಲಿ ಯುರೇನಿಯಂ ಇದೆಯಂತೆ. ಕುದಿಸಿ ಕುಡಿದರೆ ಸಾಕೇ?

ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಯುರೇನಿಯಂ ತಳದಲ್ಲೇ ಉಳಿದು ಸ್ವಲ್ಪ ಗಾಢವೇ ಆಗುತ್ತದೆ. ಕ್ಯಾಂಡಲ್ ಫಿಲ್ಟರಾಗಲಿ ಯು.ವಿ. ದೀಪವಾಗಲಿ ಉಪಯೋಗವಿಲ್ಲ. ಆರ್.ಓ. ಪೊರೆ ಬಹುಪಾಲನ್ನು ತಡೆಯುತ್ತದೆ. ಅದರಿಂದ ಹೊರಬರುವ ವ್ಯರ್ಥ ನೀರನ್ನು ಅಡುಗೆಗೆ ಬಳಸಬೇಡಿ. ಗ್ರಾನೈಟ್ ನೆಲದಲ್ಲಿ ಆಳಕ್ಕೆ ಕೊರೆದಷ್ಟೂ ಈ ಪ್ರಶ್ನೆ ಏಳುವ ಸಾಧ್ಯತೆ ಹೆಚ್ಚು. ಕೋಲಾರ, ಚಿಕ್ಕಬಳ್ಳಾಪುರ ಭಾಗದ ಕೆಲವು ಕೊಳವೆಬಾವಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 30 ಮೈಕ್ರೋಗ್ರಾಂ ಮೀರಿದ್ದು ದಾಖಲಾಗಿದೆ.

ಈ ಮಿತಿ ವಿಕಿರಣದ ಕಾರಣಕ್ಕೆ ಬಂದದ್ದಲ್ಲ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. 30 ಮೈಕ್ರೋಗ್ರಾಂ ಯುರೇನಿಯಂ ಎಂದರೆ ಒಂದು ಬೆಕೆರೆಲ್ ಕೂಡ ಆಗುವುದಿಲ್ಲ. ತೊಂದರೆ ಕೊಡುವುದು ಅದರ ರಾಸಾಯನಿಕ ಗುಣ, ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಆದ್ದರಿಂದ ವಿಕಿರಣ ಎಣಿಸುವ ಗೈಗರ್ ಕೌಂಟರ್ ಎಂಬ ಉಪಕರಣ ತಂದು ನೀರಿನ ಮುಂದೆ ಹಿಡಿದರೆ ಏನೂ ತಿಳಿಯದು. ಯುರೇನಿಯಂ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೇ ನೀರು ಕೊಡಬೇಕು. ಮಾಮೂಲಿ ಗಡಸುತನ, ಫ್ಲೋರೈಡ್ ವರದಿಯಲ್ಲಿ ಅದು ಇರುವುದಿಲ್ಲ.

ಗ್ರಾನೈಟ್ ನೆಲಹಾಸು ಹಾಕಿಸಬಹುದೇ?

ಹಾಕಿಸಬಹುದು. ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಸ್ವಲ್ಪ ಇದ್ದೇ ಇರುತ್ತದೆ. ಯುರೇನಿಯಂ ಕ್ಷಯಿಸುತ್ತಾ ನಡುವೆ ರೇಡಾನ್ ಎಂಬ ಅನಿಲವಾಗುತ್ತದೆ, ಅದು ಹೆಚ್ಚಾಗಿ ಮನೆಯ ಕೆಳಗಿನ ನೆಲದ ಬಿರುಕುಗಳಿಂದ ಬರುತ್ತದೆ. ಕಿಟಕಿ ತೆರೆದಿರುವ ಮನೆಯಲ್ಲಿ ನಿಲ್ಲುವುದಿಲ್ಲ. ಸದಾ ಮುಚ್ಚಿರುವ, ಎ.ಸಿ. ಹಾಕಿದ ನೆಲಮಾಳಿಗೆಯಲ್ಲಿ ದಿನಗಟ್ಟಲೆ ಕೆಲಸ ಮಾಡುವವರು ಗಾಳಿ ಆಡುವಂತೆ ನೋಡಿಕೊಳ್ಳಬೇಕು. ಸಿಗರೇಟು ಸೇದುವವರಿಗೆ ರೇಡಾನ್‌ನ ಅಪಾಯ ಹಲವು ಪಟ್ಟು.

ಕೈಗಾದ ಬಗ್ಗೆ ಮಾತಾಡುವಾಗ ಟ್ರಿಟಿಯಂ ಎನ್ನುತ್ತಾರೆ. ಅದೇನು?

ಟ್ರಿಟಿಯಂ ಎಂದರೆ ಹೈಡ್ರೋಜನ್-3. ಕೈಗಾದ 220 ಮೆಗಾವಾಟ್‌ನ ನಾಲ್ಕೂ ಘಟಕಗಳು ಭಾರಜಲ ಬಳಸುವಂಥವು. ಭಾರಜಲದಲ್ಲಿರುವ ಡ್ಯೂಟೀರಿಯಂ, ಅಂದರೆ ಹೈಡ್ರೋಜನ್-2, ಒಂದು ನ್ಯೂಟ್ರಾನ್ ಹಿಡಿದುಕೊಂಡರೆ ಟ್ರಿಟಿಯಂ ಆಯಿತು. ಅರ್ಧಾಯು 12.3 ವರ್ಷ. ಅದರ ಬೀಟಾ ಎಷ್ಟು ದುರ್ಬಲವೆಂದರೆ ಚರ್ಮ ದಾಟಲಾರದು, ಗೈಗರ್ ಕೌಂಟರಿಗೂ ಸಿಗುವುದಿಲ್ಲ. ಆದರೆ ಅದು ನೀರಿನಲ್ಲಿ ಬೆರೆತಿರುವುದಲ್ಲ, ನೀರೇ ಆಗಿರುವುದು. ಹಾಗಾಗಿ ಯಾವ ಮನೆ ಫಿಲ್ಟರೂ ಬೇರ್ಪಡಿಸದು, ಕುಡಿದರೆ ಮೈಯೆಲ್ಲ ಹರಡುತ್ತದೆ. 2009ರ ನವೆಂಬರಿನಲ್ಲಿ ಅಲ್ಲಿ ಕುಡಿಯುವ ನೀರಿನ ಕೂಲರ್ ಒಂದಕ್ಕೆ ಟ್ರಿಟಿಯಂ ಇದ್ದ ಭಾರಜಲ ಸೇರಿ 50ಕ್ಕೂ ಹೆಚ್ಚು ಕೆಲಸಗಾರರ ಮೈಸೇರಿದ್ದು ಗೊತ್ತಾದದ್ದು ಮೂತ್ರ ಪರೀಕ್ಷೆಯಲ್ಲಿ. ಇಂಥದ್ದಕ್ಕೆ ಚಿಕಿತ್ಸೆ ಸರಳ: ವೈದ್ಯರ ನಿಗಾದಲ್ಲಿ ಹೆಚ್ಚು ನೀರು ಕುಡಿಸುವುದು, ಮೂತ್ರ ಹೆಚ್ಚಾಗುವಂತೆ ಮಾಡುವುದು. ಸುಮ್ಮನಿದ್ದರೂ ಸುಮಾರು ಹತ್ತು ದಿನಕ್ಕೆ ಅರ್ಧ ಹೊರಹೋಗುತ್ತದೆ.

ಅಯೋಡಿನ್-131 ಕುಡಿಸಿ ಮನೆಗೆ ಕಳಿಸಿದ್ದಾರೆ. ಮನೆಯವರು ಏನು ಮಾಡಬೇಕು?

‘ಕರೆಂಟ್’ ಕೊಡಿಸಿದವರ ವಿಷಯ ಬೇರೆ, ಇದು ಬೇರೆ. ಇಲ್ಲಿ ವಿಕಿರಣಶೀಲ ವಸ್ತು ರೋಗಿಯ ಮೈಯೊಳಗೇ ಇದೆ, ಹಪ್ಪಳದ ಮೇಲಿನ ಧೂಳಿನಂತೆ. ದೊಡ್ಡ ಡೋಸ್ ಆದರೆ ವಿಕಿರಣ ಇಳಿಯುವವರೆಗೆ ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿಟ್ಟಿರುತ್ತಾರೆ. ಮನೆಗೆ ಬಂದ ಮೇಲೆ ಎಷ್ಟು ದಿನ ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿರುತ್ತದೆ, ಅದನ್ನೇ ಪಾಲಿಸಿ. ಬೇರೆ ಹಾಸಿಗೆ. ಗರ್ಭಿಣಿಯರು, ಮಕ್ಕಳು ಎರಡು ಮೀಟರ್ ದೂರ. ಮಗು ಬಂದು ತೊಡೆಯೇರದಂತೆ ಮೊದಲೇ ಅಜ್ಜಿಮನೆಗೆ ಕಳಿಸುವುದು ಒಳ್ಳೆಯದು. ಅಯೋಡಿನ್ ಹೆಚ್ಚಾಗಿ ಹೊರಹೋಗುವುದು ಮೂತ್ರದಲ್ಲಿ, ಅದೂ ಮೊದಲ ಎರಡು ದಿನ. ಚೆನ್ನಾಗಿ ನೀರು ಕುಡಿಯಬೇಕು, ಗಂಡಸರೂ ಕೂತೇ ಮೂತ್ರ ಮಾಡಬೇಕು, ಎರಡು ಸಲ ನೀರು ಬಿಡಬೇಕು, ಕೈ ಸೋಪಿನಲ್ಲಿ ತೊಳೆಯಬೇಕು. ಬೆವರು, ಎಂಜಲಿನಲ್ಲೂ ಇರುವುದರಿಂದ ತಟ್ಟೆ, ಲೋಟ, ಟವೆಲ್, ಬಟ್ಟೆ ಬೇರೆ. ಹಾಲೂಡಿಸುವ ತಾಯಂದಿರು ಚಿಕಿತ್ಸೆಗೆ ಮೊದಲೇ ನಿಲ್ಲಿಸಿರಬೇಕು, ಆ ಮಗುವಿಗೆ ಮತ್ತೆ ಶುರುಮಾಡುವಂತಿಲ್ಲ. ವಿಮಾನ ಪ್ರಯಾಣ ಇದ್ದರೆ ಆಸ್ಪತ್ರೆಯ ಪತ್ರ ಜೊತೆಗಿರಲಿ. ನಿಲ್ದಾಣದ ವಿಕಿರಣ ಪತ್ತೆ ಯಂತ್ರ ವಾರಗಟ್ಟಲೆ ಕೂಗಬಹುದು. ಬೋನ್ ಸ್ಕ್ಯಾನ್‌ನ ಟೆಕ್ನೀಶಿಯಂ-99ಎಂಗೆ ಇಷ್ಟೆಲ್ಲ ಬೇಡ, ಅದರ ಅರ್ಧಾಯು 6 ಗಂಟೆ, ಮರುದಿನಕ್ಕೆ ಹದಿನಾರರಲ್ಲಿ ಒಂದು ಭಾಗ.

ಗೈಗರ್ ಕೌಂಟರ್ ಕೊಂಡು ನಾವೇ ಅಳೆಯಬಹುದೇ?

ಬಹುದು, ಅದು ಏನನ್ನು ತೋರಿಸುವುದಿಲ್ಲ ಎಂದು ತಿಳಿದಿದ್ದರೆ. ಅಗ್ಗದ ಕೊಳವೆಗಳಿಗೆ ಆಲ್ಫಾ ಕಾಣುವುದಿಲ್ಲ. ಅದಕ್ಕೆ ತೆಳು ಅಭ್ರಕದ ಕಿಟಕಿ ಇರುವ ಕೊಳವೆ ಬೇಕು. ಪರದೆಯ ಮೇಲಿನ ಮೈಕ್ರೋಸೀವರ್ಟ್ ಸಂಖ್ಯೆ ಸಾಮಾನ್ಯವಾಗಿ ಸೀಸಿಯಂ-137ರ ಗ್ಯಾಮಾಗೆ ಹೊಂದಿಸಿದ್ದು, ಬೀಟಾ ಬಿಡುವ ವಸ್ತುವಿನ ಮುಂದೆ ಅದನ್ನು ನಂಬಬೇಡಿ, ಎಣಿಕೆ ನೋಡಿ. ಇನ್ನೊಂದು ಸಾಮಾನ್ಯ ತಪ್ಪು ಅವಸರ. ನಿಮಿಷಕ್ಕೆ ಸರಾಸರಿ 20 ಟಿಕ್ ಬರುವ ಕಡೆ ಒಂದು ನಿಮಿಷ 15, ಮುಂದಿನ ನಿಮಿಷ 26 ಬರುವುದು ಸಹಜ. ಹತ್ತು ನಿಮಿಷ ಎಣಿಸಿದರೆ 200ಕ್ಕೆ ಹೆಚ್ಚುಕಡಿಮೆ 14ರಷ್ಟೇ ಏರುಪೇರು. ಮೊದಲು ವಸ್ತು ಇಲ್ಲದೆ ಹತ್ತು ನಿಮಿಷ, ಆಮೇಲೆ ವಸ್ತು ಇಟ್ಟು ಹತ್ತು ನಿಮಿಷ ಎಣಿಸಿ, ಕಳೆಯಿರಿ.

ಗುಜರಿಯಲ್ಲಿ ಹಳದಿ ಬಣ್ಣದ ಮೇಲೆ ಮೂರು ರೆಕ್ಕೆಯ ಗುರುತಿರುವ ಡಬ್ಬ ಸಿಕ್ಕಿದೆ. ಏನು ಮಾಡಲಿ?

ಬಿಚ್ಚಬೇಡಿ. ಕತ್ತರಿಸಬೇಡಿ. ಸೀಸ ಒಳ್ಳೆ ಬೆಲೆಗೆ ಹೋಗುತ್ತದೆಂದು ಬಡಿಯಬೇಡಿ. 2010ರಲ್ಲಿ ದಿಲ್ಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಆದದ್ದು ಇದೇ: ಹರಾಜಿಗೆ ಬಂದ ಹಳೆಯ ಗ್ಯಾಮಾ ಯಂತ್ರದ ಕವಚ ಒಡೆದು ಕೋಬಾಲ್ಟ್-60 ಹೊರಬಂತು, ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಬಿಟ್ಟುಹೋದ ಚಿಕಿತ್ಸಾಯಂತ್ರದ ಸೀಸಿಯಂ-137 ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತೆಂದು ಜನ ಮನೆಗೊಯ್ದು ಹಂಚಿಕೊಂಡರು. ನಾಲ್ವರು ಸತ್ತರು, 249 ಮಂದಿಗೆ ಅಂಟಿತ್ತು. ಗುರುತಿನ ಹಾಳೆ ಕಿತ್ತುಹೋಗಿರಬಹುದು ಎಂಬುದೂ ನೆನಪಿರಲಿ. ಗಾತ್ರಕ್ಕೆ ಮೀರಿದ ಭಾರವಿರುವ ಡಬ್ಬ, ತಂತಿಯ ತುದಿಗೆ ಪೆನ್ಸಿಲಿನ ಮೊನೆಯಷ್ಟು ಹೊಳೆಯುವ ಉಕ್ಕಿನ ಬಿಲ್ಲೆ, ಎರಡನ್ನೂ ಅನುಮಾನಿಸಿ. ಪೈಪ್‌ಲೈನ್ ಬೆಸುಗೆ ಪರೀಕ್ಷಿಸುವ ಇರಿಡಿಯಂ-192 ಇರುವುದು ಅಂಥ ಬಿಲ್ಲೆಯಲ್ಲಿ. ಅದನ್ನು ಎತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಕಾಲು ಕಳೆದುಕೊಂಡವರಿದ್ದಾರೆ.

ಇದ್ದಲ್ಲೇ ಬಿಟ್ಟು ಎಲ್ಲರನ್ನೂ ದೂರ ಕಳಿಸಿ. ಹತ್ತಿಪ್ಪತ್ತು ಮೀಟರ್ ಅಂತೂ ಬೇಕೇ ಬೇಕು, ಗೋಡೆಯ ಮರೆಯಿದ್ದರೆ ಇನ್ನೂ ಒಳ್ಳೆಯದು. 112ಕ್ಕೆ ಕರೆ ಮಾಡಿ ವಿಕಿರಣದ ಗುರುತಿರುವ ವಸ್ತು ಎಂದೇ ಹೇಳಿ. ಪುಡಿ ಹೊರಬಿದ್ದಿದ್ದರೆ ಮುಟ್ಟಿದವರು ಊರೆಲ್ಲ ಓಡಾಡದೆ ಒಂದು ಕಡೆ ಇರಬೇಕು. ಮೇಲಿನ ಬಟ್ಟೆ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಅಂಟಿದ್ದರಲ್ಲಿ ಹೆಚ್ಚಿನ ಪಾಲು ಹೋಯಿತು. ಆಮೇಲೆ ಸೋಪು ಹಾಕಿ ಮೆಲ್ಲಗೆ ಸ್ನಾನ, ಚರ್ಮ ತರಚುವಂತೆ ಉಜ್ಜಬಾರದು. ಕೈ ತೊಳೆಯುವವರೆಗೆ ಊಟ, ಎಲೆಅಡಿಕೆ, ಬೀಡಿ ಯಾವುದೂ ಬೇಡ.

ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾದರೆ ಡೋಸ್ ದೊಡ್ಡದಿತ್ತು ಎಂದು ತಿಳಿದು ತಡಮಾಡದೆ ಆಸ್ಪತ್ರೆಗೆ ಹೋಗಿ. ವಿಕಿರಣದ ಸುಟ್ಟಗಾಯ ಕೂಡಲೇ ಉರಿಯುವುದಿಲ್ಲ. ದಿನಗಳು, ಕೆಲವೊಮ್ಮೆ ವಾರಗಳು ಕಳೆದ ಮೇಲೆ ಚರ್ಮ ಕೆಂಪಾಗಿ ಬೊಕ್ಕೆ ಏಳುತ್ತದೆ. ಅಷ್ಟೊತ್ತಿಗೆ ಮುಟ್ಟಿದ್ದು ಮರೆತಿರುತ್ತದೆ, ವೈದ್ಯರು ಹುಳ ಕಚ್ಚಿದ್ದೆಂದು ಮುಲಾಮು ಕೊಡುತ್ತಾರೆ. ಬಿಸಿ ತಾಗದೆ ಸುಟ್ಟಂತಾದ ಗಾಯ ತೋರಿಸುವಾಗ, ಹಿಂದಿನ ತಿಂಗಳು ಗುಜರಿಯಲ್ಲಿ ಯಾವ ಲೋಹ ಹಿಡಿದಿದ್ದೆವು ಎಂಬುದನ್ನೂ ನೀವೇ ಬಾಯಿಬಿಟ್ಟು ಹೇಳಿ.